ಎದುರು ದಿಕ್ಕಿನಿಂದ ಬರುವವನಿಗೆ ಎಂಥ ಕಾನೂನು?

2023ರ ಜುಲೈ 11, ಬೆಳಗಿನ ಆರು ಗಂಟೆ ಸುಮಾರು. ದೆಹಲಿಯ ಗಾಜಿಪುರದಲ್ಲಿ ಸಿಎನ್‌ಜಿ ತುಂಬಿಸಿಕೊಂಡ ಶಾಲಾ ಬಸ್ಸೊಂದು ದೆಹಲಿ–ಮೀರತ್ ಎಕ್ಸ್‌ಪ್ರೆಸ್‌ವೇ ಹತ್ತಿತು. ಹತ್ತಿದ್ದು ರಾಂಗ್ ಸೈಡಿಗೆ. ಎಂಟು ಕಿಲೋಮೀಟರಿನಷ್ಟು ದೂರ ಎದುರು ವಾಹನಗಳ ನಡುವೆಯೇ ನುಗ್ಗಿಕೊಂಡು ಬಂದು ಗಾಜಿಯಾಬಾದ್ ಬಳಿ ಕಾರೊಂದಕ್ಕೆ ಮುಖಾಮುಖಿ ಗುದ್ದಿತು. ಒಂದೇ ಕುಟುಂಬದ ಆರು ಮಂದಿ ಸತ್ತರು. ಡಿಕ್ಕಿಯ ದೃಶ್ಯ ಕ್ಯಾಮೆರಾದಲ್ಲಿ ದಾಖಲಾಗಿ ದೇಶದ ಮೊಬೈಲ್‌ಗಳಲ್ಲೆಲ್ಲ ಓಡಾಡಿತು. ಆ ಬಸ್ಸಿನ ಮೇಲೆ ಹಿಂದೆಯೇ ಹಲವು ಚಾಲಾನ್‌ಗಳಿದ್ದವು ಎಂಬ ಸುದ್ದಿಯೂ ಬಂತು. ಎಂಟು ಕಿಲೋಮೀಟರ್ ಓಡಲು ಶಾಲಾ ಬಸ್ಸಿಗೆ ಸುಮಾರು ಏಳೆಂಟು ನಿಮಿಷ ಬೇಕು. ಅಷ್ಟು ಹೊತ್ತಿನಲ್ಲಿ ಅದನ್ನು ಯಾರೂ ನಿಲ್ಲಿಸಲಿಲ್ಲ.

ಗಂಟೆಗೆ ನೂರು ಕಿಲೋಮೀಟರ್ ವೇಗದ ಎರಡು ವಾಹನಗಳು ಎದುರುಬದುರಾದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ 55 ಮೀಟರ್‌ನಂತೆ ಕರಗುತ್ತದೆ. ಮುನ್ನೂರು ಮೀಟರ್ ದೂರದಲ್ಲೇ ಕಣ್ಣಿಗೆ ಬಿದ್ದರೂ ಕೈಯಲ್ಲಿ ಉಳಿಯುವುದು ಐದೂವರೆ ಸೆಕೆಂಡಿಗಿಂತ ಕಡಿಮೆ. ಅದರಲ್ಲೂ ಮೊದಲ ಒಂದೆರಡು ಸೆಕೆಂಡು, ‘ಆ ಗಾಡಿ ನನ್ನ ಕಡೆಗೇ ಬರುತ್ತಿದೆಯೇ’ ಎಂದು ನಂಬುವುದಕ್ಕೇ ಖರ್ಚಾಗುತ್ತದೆ. ಹೆದ್ದಾರಿಯ ಬೇರೆ ತಪ್ಪುಗಳಲ್ಲಿ ಇನ್ನೊಬ್ಬ ಚಾಲಕ ಜಾಣನಾಗಿದ್ದರೆ ಬಚಾವಾಗಲು ಸ್ವಲ್ಪ ಅವಕಾಶವಿರುತ್ತದೆ. ಇದರಲ್ಲಿ ಅವನ ಜಾಣತನಕ್ಕೆ ಸಮಯವೇ ಸಿಗುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಂತೆ ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅತಿವೇಗದ ಬಳಿಕ ಅತಿ ಹೆಚ್ಚು ಜೀವ ತೆಗೆದ ಚಾಲನಾ ತಪ್ಪು ರಾಂಗ್ ಸೈಡ್ ಚಾಲನೆಯೇ; ಅದರ ಪಾಲು ಶೇ 5.4. ಲೆಕ್ಕ ಹಾಕಿದರೆ ಒಂಬತ್ತು ಸಾವಿರಕ್ಕೂ ಹೆಚ್ಚು ಜನ. ಕುಡಿದು ಓಡಿಸಿ ಆದ ಸಾವುಗಳ ಪಾಲು ಇದರ ಅರ್ಧದಷ್ಟೂ ಇಲ್ಲ. ಆದರೂ ಕುಡುಕ ಚಾಲಕನನ್ನು ಬೈಯುವಷ್ಟು ರಾಂಗ್ ಸೈಡಿನವನನ್ನು ನಮ್ಮ ಸಮಾಜ ಬೈಯುವುದಿಲ್ಲ.

ಕಾನೂನು ಇದನ್ನು ಬಹಳ ಕಾಲ ಸಣ್ಣ ತಪ್ಪೆಂದೇ ಎಣಿಸಿತ್ತು. 1988ರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಯ ಬಗ್ಗೆ ಹೇಳುತ್ತಿತ್ತು, ಆದರೆ ಯಾವುದು ಅಪಾಯಕಾರಿ ಎಂದು ಬಿಡಿಸಿ ಹೇಳಿರಲಿಲ್ಲ. 2019ರ ತಿದ್ದುಪಡಿ ಆ ಕೆಲಸ ಮಾಡಿತು. ಕೆಂಪು ದೀಪ ದಾಟುವುದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು ಇವುಗಳ ಜೊತೆಗೆ, ವಾಹನ ಸಂಚಾರಕ್ಕೆ ನಿಗದಿಯಾದ ದಿಕ್ಕಿಗೆ ವಿರುದ್ಧವಾಗಿ ಓಡಿಸುವುದೂ ಅಪಾಯಕಾರಿ ಚಾಲನೆಯೇ ಎಂದು ವಿವರಣೆ ಸೇರಿಸಿತು. ಮೊದಲ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿ ದಂಡ. ಲೈಸೆನ್ಸ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸುವ ಹೊಣೆಯನ್ನೂ 206ನೇ ಸೆಕ್ಷನ್ ಪೊಲೀಸರ ಮೇಲೆ ಹೊರಿಸಿತು. ಅಲ್ಲಿ ಮೊದಲ ಸಲಕ್ಕೆ ಮೂರು ತಿಂಗಳ ಅನರ್ಹತೆ, ಎರಡನೇ ಸಲಕ್ಕೆ ಲೈಸೆನ್ಸೇ ರದ್ದಾಗಬಹುದು.

ಓದಲು ಚೆನ್ನಾಗಿದೆ. ಹೆಚ್ಚಿನವರ ಗಮನಕ್ಕೆ ಬಾರದ ಒಂದು ಬದಲಾವಣೆಯೂ ಅದರ ಜೊತೆಗೇ ಬಂತು. ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದಾದ ತಪ್ಪುಗಳ ಪಟ್ಟಿ ಕಾಯ್ದೆಯ 200ನೇ ಸೆಕ್ಷನ್‌ನಲ್ಲಿದೆ. ತಿದ್ದುಪಡಿಯ ನಂತರ ಅಪಾಯಕಾರಿ ಚಾಲನೆಯ ಪೈಕಿ ಮೊಬೈಲ್ ಬಳಕೆಯನ್ನು ಮಾತ್ರ ಅದರಲ್ಲಿ ಉಳಿಸಲಾಯಿತು. ಅಂದರೆ ರಾಂಗ್ ಸೈಡಿನ ಮೇಲೆ 184 ಹಾಕಿದರೆ ಪ್ರಕರಣ ಕೋರ್ಟಿಗೇ ಹೋಗಬೇಕು. ಸುಡುಬಿಸಿಲಲ್ಲಿ ನಿಂತು ನೂರಾರು ಗಾಡಿ ಹಿಡಿಯುವ ಪೇದೆಗೆ, ಒಬ್ಬೊಬ್ಬನ ಮೇಲೂ ಕೋರ್ಟು ಕಾಗದ ಮಾಡುತ್ತ ಕೂರಲು ಪುರುಸೊತ್ತು ಎಲ್ಲಿ? ಸಾಮಾನ್ಯ ನಿಯಮಭಂಗದ 177ನೇ ಸೆಕ್ಷನ್ ಅಡಿ 500 ರೂಪಾಯಿ ಕಟ್ಟಿಸಿ ಕಳಿಸುವುದು ಎಲ್ಲರಿಗೂ ಅನುಕೂಲ. ಶಾಸನ ಗಂಭೀರವಾದಷ್ಟೂ ಅದನ್ನು ಪ್ರಯೋಗಿಸುವ ಕೈ ಹಿಂದೆ ಸರಿಯಿತು. ಇದರ ನಡುವೆ, ಹೊಸ ದಂಡಗಳು ದುಬಾರಿ ಎಂಬ ಕೂಗೆದ್ದು 2019ರ ಸೆಪ್ಟೆಂಬರ್‌ನಲ್ಲೇ ಮೊದಲು ಗುಜರಾತ್, ಬೆನ್ನಿಗೇ ಕರ್ನಾಟಕ ಹಲವು ದಂಡಗಳನ್ನು ಇಳಿಸಿದವು. ತಿದ್ದುಪಡಿ ಜಾರಿಗೆ ಬಂದದ್ದು ಅದೇ ತಿಂಗಳ ಒಂದನೇ ತಾರೀಖು.

ಈಗ ಸಮಸ್ಯೆಯ ಇನ್ನೊಂದು ತುದಿಗೆ ಬರೋಣ. ರಾಂಗ್ ಸೈಡಿನಲ್ಲಿ ಬರುವವನು ಯಾರು?

ಹಳೆ ಮೈಸೂರು ಸೀಮೆಯ ಯಾವುದೇ ಹೆದ್ದಾರಿಯಂಚಿನ ಊರಿನಲ್ಲಿ ಬೆಳಿಗ್ಗೆ ಹೊತ್ತು ನಿಂತರೆ ಅವನು ಕಾಣಸಿಗುತ್ತಾನೆ. ಬೈಕಿನ ಎರಡೂ ಬದಿಗೆ ಹಾಲಿನ ಕ್ಯಾನು. ಮನೆ ಒಂದು ಕಡೆ, ಡೇರಿ ಇನ್ನೊಂದು ಕಡೆ, ನಡುವೆ ಎದೆಯೆತ್ತರದ ಡಿವೈಡರ್. ಸರಿ ದಿಕ್ಕಿನಲ್ಲಿ ಡಿವೈಡರ್ ತೆರೆದಿರುವುದು ಎರಡು ಕಿಲೋಮೀಟರ್ ಮುಂದೆ. ನಿಯಮದಂತೆ ಹೋದರೆ ಹೋಗಿ ಬಳಸಿ ಬರುವುದು ನಾಲ್ಕು ಕಿಲೋಮೀಟರಿಗೂ ಹೆಚ್ಚು. ರಾಂಗ್ ಸೈಡಿನಲ್ಲಾದರೆ ಅರ್ಧ ಕಿಲೋಮೀಟರ್. ಆತ ಹೆಡ್‌ಲೈಟ್ ಹಾಕಿಕೊಂಡು, ಬಿಳಿ ಗೆರೆಯ ಆಚೆ ಮಣ್ಣಿಗೆ ಹತ್ತಿರವಾಗಿ, ಆಗಾಗ ಹಾರ್ನ್ ಮಾಡುತ್ತ ಬರುತ್ತಾನೆ. ಹಿಡಿದು ನಿಲ್ಲಿಸಿದರೆ ಸಿಗುವ ಉತ್ತರ ಒಂದೇ: ‘ಇಲ್ಲೇ ಮುಂದಕ್ಕೆ ಸಾರ್, ಪಕ್ಕದಲ್ಲೇ ಹೋಗ್ತೀನಿ.’ ಅವನ ಹಿಂದೆ ಡಾಬಾದಿಂದ ಹೊರಟ ಲಾರಿ, ಪೆಟ್ರೋಲ್ ಬಂಕಿಗೆ ಅಡ್ಡದಾರಿ ಹಿಡಿದ ಕಾರು, ಕಬ್ಬಿನ ಕಾಲದಲ್ಲಾದರೆ ಹಿಂದುಮುಂದು ಒಂದು ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರು. ಇವರಲ್ಲಿ ಯಾರೂ ದಾರಿ ತಪ್ಪಿದವರಲ್ಲ. ಎಲ್ಲರೂ ಲೆಕ್ಕ ಹಾಕಿಯೇ ಬಂದವರು.

ಬೇರೆ ದೇಶಗಳ ಕಾನೂನುಗಳನ್ನು ನೋಡುವಾಗ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಲ್ಲಿನ ರಾಂಗ್ ಸೈಡ್ ಚಾಲಕನೇ ಬೇರೆ.

ಅಮೆರಿಕದಲ್ಲಿ ಅವನು ಹೆಚ್ಚಾಗಿ ಕುಡುಕ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಭಜಿತ ಹೆದ್ದಾರಿಗಳಲ್ಲಿ ಎದುರು ದಿಕ್ಕಿನ ಚಾಲನೆಯಿಂದ ವರ್ಷಕ್ಕೆ ಸುಮಾರು 360 ಮಂದಿ ಸಾಯುತ್ತಿದ್ದರು. ತಪ್ಪು ದಿಕ್ಕಿನಲ್ಲಿ ಬಂದ ಚಾಲಕರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮದ್ಯದ ಅಮಲಿನಲ್ಲಿದ್ದವರು. 1988ರ ಮೇ 14ರ ರಾತ್ರಿ ಕೆಂಟಕಿಯ ಕ್ಯಾರಲ್ಟನ್ ಬಳಿ ಕುಡಿದ ಪಿಕಪ್ ಚಾಲಕನೊಬ್ಬ ಎದುರು ದಿಕ್ಕಿನಲ್ಲಿ ಬಂದು ಚರ್ಚಿನ ಬಸ್ಸಿಗೆ ಗುದ್ದಿದ. ಬಸ್ಸಿಗೆ ಬೆಂಕಿ ಹತ್ತಿ 27 ಮಂದಿ ಸತ್ತರು. ಅವರಲ್ಲಿ 24 ಮಂದಿ ಮಕ್ಕಳು ಮತ್ತು ಹದಿಹರೆಯದವರು. ಅದರ ಬಳಿಕ ಬಸ್ಸುಗಳ ತುರ್ತು ಬಾಗಿಲು, ಇಂಧನ ಟ್ಯಾಂಕಿನ ರಕ್ಷಣೆಯ ನಿಯಮಗಳು ಬಿಗಿಯಾದವು, ಕುಡಿದು ಓಡಿಸುವುದರ ವಿರುದ್ಧದ ಚಳವಳಿಗೂ ಬಲ ಬಂತು. 2009ರ ಜುಲೈನಲ್ಲಿ ನ್ಯೂಯಾರ್ಕಿನ ಟಕಾನಿಕ್ ಪಾರ್ಕ್‌ವೇಯಲ್ಲಿ ವ್ಯಾನೊಂದು ಎದುರು ದಿಕ್ಕಿನಲ್ಲಿ ಓಡಿ ಎಂಟು ಮಂದಿ ಸತ್ತಾಗಲೂ ಹೀಗೇ ಆಯಿತು. ಆ ವರ್ಷದ ನವೆಂಬರ್‌ನಲ್ಲಿ ಬಂದ ಕಾನೂನು, ಹದಿನೈದು ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳನ್ನು ಕೂರಿಸಿಕೊಂಡು ಕುಡಿದು ಓಡಿಸುವುದನ್ನು ಮೊದಲ ಸಲಕ್ಕೇ ಘೋರ ಅಪರಾಧವೆಂದಿತು. ಅದಕ್ಕೆ ನೇರ ಕಾರಣವಾದದ್ದು ಬೇರೊಂದು ಅಪಘಾತ. ಟಕಾನಿಕ್ ದುರಂತದ ಆಘಾತ ಹಾದಿ ಸುಗಮಗೊಳಿಸಿತ್ತು.

ಅರಿಜೋನಾ ಇನ್ನೂ ನೇರವಾಗಿ ಹೋಯಿತು. ಅಮಲಿನಲ್ಲಿ ಹೆದ್ದಾರಿಯ ತಪ್ಪು ದಿಕ್ಕಿನಲ್ಲಿ ಓಡಿಸುವುದನ್ನು 2018ರಲ್ಲಿ ಪ್ರತ್ಯೇಕವಾದ ಘೋರ ಅಪರಾಧವನ್ನಾಗಿ ಮಾಡಿತು. ಅಮಲಿಲ್ಲದೆ ಬಂದವನಿಗೆ 500 ಡಾಲರ್ ದಂಡ. ಅದೇ ವರ್ಷ ಫೀನಿಕ್ಸ್ ನಗರದ ಐ-17 ಹೆದ್ದಾರಿಯ 15 ಮೈಲಿಯಲ್ಲಿ ಶಾಖ ಗ್ರಹಿಸುವ ಕ್ಯಾಮೆರಾಗಳು ಕೆಲಸ ಶುರು ಮಾಡಿದವು. ಯಾರಾದರೂ ಇಳಿದಾರಿಯಲ್ಲಿ ಹತ್ತಿದರೆ ಅವನೆದುರಿನ ಫಲಕ ಮಿನುಗುತ್ತದೆ, ಪೊಲೀಸರಿಗೆ ಸಂದೇಶ ಹೋಗುತ್ತದೆ, ಸರಿ ದಿಕ್ಕಿನವರಿಗೆ ಎಚ್ಚರಿಕೆ ಬರುತ್ತದೆ. ಅಮೆರಿಕದ ಕೆಲವೆಡೆ ‘ರಾಂಗ್ ವೇ’ ಫಲಕವನ್ನು ನೆಲದಿಂದ ಎರಡಡಿಗೆ ಇಳಿಸಿದ್ದೂ ಉಂಟು, ಅಮಲಿನಲ್ಲಿದ್ದವನ ದೃಷ್ಟಿ ರಸ್ತೆಯ ಮೇಲ್ಮೈಗೆ ಅಂಟಿಕೊಂಡಿರುತ್ತದೆ ಎಂಬ ಕಾರಣಕ್ಕೆ.

ಇವೆಲ್ಲದರಲ್ಲಿ ಕುತೂಹಲ ಕೆರಳಿಸುವುದು ಕನೆಕ್ಟಿಕಟ್. ಕರ್ನಾಟಕದ ಒಂದು ದೊಡ್ಡ ಜಿಲ್ಲೆಗಿಂತ ಬಹಳ ದೊಡ್ಡದೇನಲ್ಲದ ಆ ರಾಜ್ಯದಲ್ಲಿ 2022ರಲ್ಲಿ ಎದುರು ದಿಕ್ಕಿನ ಚಾಲನೆಗೆ 23 ಮಂದಿ ಬಲಿಯಾದರು. 2023ರ ಜನವರಿಯಲ್ಲಿ, ಗವರ್ನರ್ ಪದಗ್ರಹಣದ ಔತಣಕೂಟ ಮುಗಿಸಿ ಮನೆಗೆ ಹೊರಟಿದ್ದ ಶಾಸಕ ಕ್ವೆಂಟಿನ್ ವಿಲಿಯಮ್ಸ್ ಇದೇ ರೀತಿ ಸತ್ತರು. ಅದೇ ವರ್ಷ ಬಂದ ಶಾಸನದಲ್ಲಿ ಶಿಕ್ಷೆಗಿಂತ ಹೆಚ್ಚಾಗಿ ಕಾಣುವುದು ಕೆಲಸದ ಪಟ್ಟಿ: ಅಪಾಯ ಹೆಚ್ಚಿರುವ ಕನಿಷ್ಠ 120 ಇಳಿದಾರಿಗಳಲ್ಲಿ ಪತ್ತೆ ಮತ್ತು ಎಚ್ಚರಿಕೆ ಯಂತ್ರಗಳನ್ನು ಸಾರಿಗೆ ಇಲಾಖೆ ಅಳವಡಿಸಬೇಕು, ಜನಜಾಗೃತಿ ಅಭಿಯಾನ ನಡೆಸಬೇಕು. ರಕ್ತದಲ್ಲಿನ ಮದ್ಯದ ಮಿತಿಯನ್ನು ಶೇ 0.08ರಿಂದ 0.05ಕ್ಕೆ ಇಳಿಸುವ ಪ್ರಸ್ತಾಪವೂ ಅಲ್ಲಿ ಚರ್ಚೆಗೆ ಬಂದು ಬಿದ್ದುಹೋಯಿತು. ಯಂತ್ರಕ್ಕೆ ಹಣ ಕೊಡಲು ಸಿಗುವ ಒಪ್ಪಿಗೆ ಬಾಟಲಿಗೆ ಕೈ ಹಾಕಲು ಸಿಗುವುದಿಲ್ಲ. ಈ ವಿಷಯದಲ್ಲಿ ಶಾಸಕರು ಎಲ್ಲ ಕಡೆಯೂ ಒಂದೇ.

ಜಪಾನಿನಲ್ಲಿ ಚಿತ್ರ ಬೇರೆ. ಅಲ್ಲಿನ ಎಕ್ಸ್‌ಪ್ರೆಸ್‌ವೇಗಳಲ್ಲಿ ವರ್ಷಕ್ಕೆ ಸುಮಾರು 200 ಇಂಥ ಪ್ರಕರಣಗಳು ಪತ್ತೆಯಾಗುತ್ತವೆ. ಹೆಚ್ಚಿನವರು 65 ದಾಟಿದ ಹಿರಿಯರು, ಕೆಲವರು ಮರೆವಿನ ಕಾಯಿಲೆಯವರು. ಇಳಿಯಬೇಕಾದ ದಾರಿ ತಪ್ಪಿತೆಂದು ಗಾಬರಿಯಾಗಿ ಹೆದ್ದಾರಿಯಲ್ಲೇ ಹಿಂದಕ್ಕೆ ತಿರುಗಿಸಿದವರೂ ಇದ್ದಾರೆ. ಎಂಬತ್ತು ವರ್ಷದ ಅಜ್ಜನನ್ನು ಜೈಲಿಗೆ ಹಾಕುತ್ತೇವೆಂದು ಹೆದರಿಸಿ ಪ್ರಯೋಜನವೇನು? ಆದ್ದರಿಂದ ಜಪಾನಿನ ಕಾನೂನು ಲೈಸೆನ್ಸಿನ ಕಡೆಯಿಂದ ಬಂತು. 75 ದಾಟಿದವರು ನವೀಕರಣಕ್ಕೆ ಮುನ್ನ ಗ್ರಹಣಶಕ್ತಿಯ ಪರೀಕ್ಷೆ ಬರೆಯಬೇಕು. 2017ರಿಂದ, ಮರೆವಿನ ಕಾಯಿಲೆಯ ಶಂಕೆ ಬಂದರೆ ವೈದ್ಯರ ತಪಾಸಣೆ ಕಡ್ಡಾಯ. 2022ರ ಮೇ ತಿಂಗಳಿಂದ, ನಿರ್ದಿಷ್ಟ ನಿಯಮಭಂಗ ಮಾಡಿದ 75 ಮೀರಿದ ಚಾಲಕರು ಗಾಡಿ ಓಡಿಸಿ ತೋರಿಸಿಯೇ ಲೈಸೆನ್ಸ್ ಉಳಿಸಿಕೊಳ್ಳಬೇಕು. ಎದುರು ದಿಕ್ಕಿನ ಚಾಲನೆ ಆ ಪಟ್ಟಿಯಲ್ಲಿದೆ. ಬೇಕೆಂದೇ ವೇಗವಾಗಿ ನುಗ್ಗಿ ಜೀವ ತೆಗೆದವನಿಗೆ ಅಲ್ಲೂ ದಯೆಯಿಲ್ಲ. 2014ರಿಂದ ಜಾರಿಯಲ್ಲಿರುವ ವಿಶೇಷ ಕಾಯ್ದೆಯಡಿ 20 ವರ್ಷದವರೆಗೂ ಸೆರೆವಾಸವಾಗಬಹುದು.

ಸ್ಪೇನಿನದು ಮತ್ತೂ ವಿಚಿತ್ರ ಕಥೆ. 1980ರ ದಶಕದಲ್ಲಿ ಅಲ್ಲಿ ಬಾಜಿ ಕಟ್ಟಿ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ ಓಡಿಸುವವರ ಸುದ್ದಿಗಳು ದೇಶವನ್ನು ಬೆಚ್ಚಿಬೀಳಿಸಿದವು. 1989ರಲ್ಲಿ ಅದಕ್ಕೆಂದೇ ದಂಡಸಂಹಿತೆಗೆ ಹೊಸ ಅಪರಾಧ ಸೇರಿತು. ಇತರರ ಜೀವವನ್ನು ಲೆಕ್ಕಿಸದೆ ಓಡಿಸಿದವನಿಗೆ ಇಂದು ಅಲ್ಲಿ ಎರಡರಿಂದ ಐದು ವರ್ಷ ಜೈಲು, ಆರರಿಂದ ಹತ್ತು ವರ್ಷ ಚಾಲನೆಗೆ ನಿಷೇಧ. ಯಾರ ಜೀವಕ್ಕೂ ಅಪಾಯ ಒದಗದಿದ್ದರೂ ಒಂದರಿಂದ ಎರಡು ವರ್ಷ ಜೈಲು ತಪ್ಪಿದ್ದಲ್ಲ. ಜರ್ಮನಿಯೂ ಆಟೋಬಾನ್‌ನಲ್ಲಿ ಎದುರು ದಿಕ್ಕಿಗೆ ಓಡಿಸಿ ಇತರರನ್ನು ಅಪಾಯಕ್ಕೆ ಒಡ್ಡಿದವನಿಗೆ ಐದು ವರ್ಷದವರೆಗೆ ಜೈಲಿನ ಅವಕಾಶ ಇಟ್ಟುಕೊಂಡಿದೆ. ತಿರುಗಿಸಲು ಯತ್ನಿಸಿದರೂ ಅದೇ ಸೆಕ್ಷನ್.

ಯುರೋಪಿನಿಂದ ಕಲಿಯಬೇಕಾದದ್ದು ಮಾತ್ರ ಶಿಕ್ಷೆಯ ಪ್ರಮಾಣವನ್ನಲ್ಲ. ಜರ್ಮನಿಯಲ್ಲಿ ಯಾರಾದರೂ ಎದುರು ದಿಕ್ಕಿನಲ್ಲಿ ಬರುತ್ತಿದ್ದಾರೆಂಬ ಕರೆ ಬಂದರೆ ಸಾಕು, ರೇಡಿಯೊ ಹಾಡು ನಿಲ್ಲಿಸಿ ಎಚ್ಚರಿಕೆ ಬಿತ್ತರಿಸುತ್ತದೆ. ಇಂಥ ಎಚ್ಚರಿಕೆಗಳು ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಇದನ್ನು ಇಡೀ ಐರೋಪ್ಯ ಒಕ್ಕೂಟಕ್ಕೆ ಹಬ್ಬಿಸಿದ್ದು 2013ರ ಒಂದು ನಿಯಮ. ಸುರಕ್ಷತೆಗೆ ಸಂಬಂಧಿಸಿದ ಎಂಟು ಬಗೆಯ ಸಂಚಾರ ಮಾಹಿತಿಯನ್ನು ಸಾಧ್ಯವಿದ್ದಲ್ಲೆಲ್ಲ ಬಳಕೆದಾರರಿಗೆ ಉಚಿತವಾಗಿ ತಲುಪಿಸಬೇಕೆಂದು ಅದು ಹೇಳುತ್ತದೆ. ಜಾರುವ ರಸ್ತೆ, ರಸ್ತೆಯಲ್ಲಿ ಪ್ರಾಣಿ, ಮಬ್ಬು ಇವುಗಳ ಸಾಲಿನಲ್ಲಿ ಎದುರು ದಿಕ್ಕಿನ ಚಾಲಕನೂ ಇದ್ದಾನೆ. ಅವನನ್ನು ಶಿಕ್ಷಿಸುವುದು ಆಮೇಲಿನ ಮಾತು, ಮೊದಲು ಉಳಿದವರಿಗೆ ತಿಳಿಸಿ ಎನ್ನುವ ಈ ಬಗೆಯ ಶಾಸನ ನಮ್ಮಲ್ಲಿಲ್ಲ. ಗಾಜಿಯಾಬಾದಿನ ಆ ಏಳೆಂಟು ನಿಮಿಷಗಳಲ್ಲಿ ಬೇಕಾಗಿದ್ದದ್ದು ಇದೇ.

ನಮ್ಮಲ್ಲಿ ಕಾನೂನು ನಿಧಾನವಾದಲ್ಲಿ ಜನ ತಾವೇ ಉಪಾಯ ಹುಡುಕಿಕೊಳ್ಳುತ್ತಾರೆ. 2018ರಲ್ಲಿ ಪುಣೆಯ ಅಮನೋರಾ ಬಡಾವಣೆಯವರು ರಸ್ತೆಗೆ ಅಡ್ಡಲಾಗಿ ಟೈರ್ ಸೀಳುವ ಕಬ್ಬಿಣದ ಹಲ್ಲುಗಳನ್ನು ಹಾಕಿದರು. ಚಪ್ಪಾಳೆಯೂ ಬಂತು, ಹಿಂದೆಯೇ ಪೊಲೀಸರ ನೋಟಿಸೂ ಬಂತು. 2023ರಲ್ಲಿ ಅಹಮದಾಬಾದಿನಲ್ಲಿ ಇಂಥದ್ದೇ ಹಾಕಿದಾಗ ಬೈಕಿನವರು ಪಕ್ಕದ ಸಂದಿಯಲ್ಲಿ ನುಸುಳಿ ಹೋದರು. ಇದನ್ನು ಕ್ಯಾಲಿಫೋರ್ನಿಯಾ ದಶಕಗಳ ಹಿಂದೆಯೇ ಪರೀಕ್ಷಿಸಿ ಕೈಬಿಟ್ಟಿತ್ತು. ಟೈರಿನ ಗಾಳಿ ಗಾಡಿ ನಿಲ್ಲಿಸುವಷ್ಟು ಬೇಗ ಇಳಿಯಲಿಲ್ಲ; ಮುರಿದ ಹಲ್ಲುಗಳು ಸರಿ ದಿಕ್ಕಿನ ಟೈರುಗಳನ್ನೇ ಕಚ್ಚಿದವು; ಹಲ್ಲು ಕಂಡ ಸರಿ ದಿಕ್ಕಿನವರು ಬ್ರೇಕ್ ಒತ್ತಿ ಹೊಸ ಅಪಾಯ ತಂದರು. ಆಂಬುಲೆನ್ಸಿನ ಗತಿ ಏನೆಂಬ ಪ್ರಶ್ನೆ ಬೇರೆ. ವಾಟ್ಸ್‌ಆ್ಯಪ್‌ನಲ್ಲಿ ಈ ಹಲ್ಲುಗಳ ವಿಡಿಯೊ ಇಂದಿಗೂ ಮೆಚ್ಚುಗೆ ಗಳಿಸುತ್ತಲೇ ಇದೆ.

ಕರ್ನಾಟಕದಲ್ಲಿ ಈ ಚರ್ಚೆಗೆ ಬಿಸಿ ಏರಿದ್ದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಿಂದ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ, ಸುಮಾರು 118 ಕಿಲೋಮೀಟರ್ ಉದ್ದದ ಈ ರಸ್ತೆಯಲ್ಲಿ ಮೊದಲ ತಿಂಗಳುಗಳಲ್ಲೇ ಸಾವುಗಳ ಸರಣಿ ಶುರುವಾಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧವಾಯಿತು. ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಹೊಣೆ ಹೊತ್ತಿದ್ದ ಎಡಿಜಿಪಿ ಅಲೋಕ್ ಕುಮಾರ್ ಕಾಲದಲ್ಲಿ ವೇಗಪತ್ತೆ ಕ್ಯಾಮೆರಾಗಳು ಬಂದವು, ಸಾವಿನ ಪ್ರಮಾಣ ಇಳಿಯಿತು. ಬೆಂಗಳೂರಿನಲ್ಲಂತೂ ರಾಂಗ್ ಸೈಡಿನವರ ಮೇಲೆ ಬರೀ ಚಾಲಾನ್ ಸಾಲದೆಂದು ಎಫ್‌ಐಆರ್ ಹಾಕುವ ಪರಿಪಾಠ ಶುರುವಾಗಿದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಅಡಿ ಅಜಾಗರೂಕ ಚಾಲನೆಗೆ ಆರು ತಿಂಗಳವರೆಗೆ ಜೈಲು. ಶಿಕ್ಷೆಯಾಗುವುದು ಬಿಡುವುದು ಹಾಗಿರಲಿ, ಎಫ್‌ಐಆರ್ ಎಂಬ ಮೂರಕ್ಷರಕ್ಕೆ ಪಾಸ್‌ಪೋರ್ಟ್, ನೌಕರಿ ಎಂದು ಯೋಚಿಸುವ ಯುವಕರು ಹೆದರುವುದು ನಿಜ. ಹಾಲಿನ ಕ್ಯಾನಿನವನು ಎಷ್ಟು ಹೆದರುತ್ತಾನೆ ಎಂಬುದು ಬೇರೆ ಮಾತು.

ಶಿಕ್ಷೆ ಎಷ್ಟು ಕಠಿಣ ಎನ್ನುವುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಎನ್ನುವುದೇ ಚಾಲಕನ ಲೆಕ್ಕವನ್ನು ಬದಲಿಸುತ್ತದೆ. ಆ ದಾರಿಯನ್ನು ನಮ್ಮ ಕಾಯ್ದೆ ತೆರೆದೂ ಇದೆ. 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮ, ಹೆದ್ದಾರಿಗಳ ಅಪಾಯಕಾರಿ ಭಾಗಗಳಲ್ಲಿ ಕ್ಯಾಮೆರಾ ಇಡಬೇಕೆಂದು ಹೇಳಿ, ಅವುಗಳ ಚಿತ್ರದ ಆಧಾರದಲ್ಲೇ ಚಾಲಾನ್ ಮಾಡಬಹುದಾದ ತಪ್ಪುಗಳನ್ನು ಪಟ್ಟಿ ಮಾಡಿತು. ಎದುರು ದಿಕ್ಕಿನ ಚಾಲನೆ ಅದರಲ್ಲಿ ಸ್ಪಷ್ಟವಾಗಿದೆ. 15 ದಿನದೊಳಗೆ ನೋಟಿಸ್ ಹೋಗಬೇಕೆಂದೂ ಇದೆ. ತೊಡಕು ಇರುವುದು ವಸೂಲಿಯಲ್ಲಿ. 2023ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಹಣ ಬಂದು ಬಿತ್ತು. ಅಷ್ಟು ಹಣ ಕಟ್ಟದೆ ಉಳಿದಿತ್ತು ಎನ್ನುವುದೇ ಆ ಸಂಭ್ರಮದೊಳಗಿನ ಕಹಿ. ರಿಯಾಯಿತಿ ಮತ್ತೆ ಮತ್ತೆ ಬಂತು. ಜವಳಿ ಅಂಗಡಿಯ ಆಷಾಢದ ಸೇಲಿಗೆ ಕಾದಂತೆ ಅದಕ್ಕೂ ಕಾಯುವುದನ್ನು ವಾಹನ ಮಾಲೀಕರು ಕಲಿತರೆ ಅದರಲ್ಲಿ ಅವರ ತಪ್ಪೊಂದೇ ಇಲ್ಲ.

ಇಷ್ಟಾದರೂ ಅರ್ಧ ಕಿಲೋಮೀಟರಿನ ಆಸೆ ಹಾಗೇ ಉಳಿಯುತ್ತದೆ. ಅದಕ್ಕೆ ಮದ್ದು ಇರುವುದು ಪೊಲೀಸರ ಕೈಯಲ್ಲಲ್ಲ, ರಸ್ತೆ ಕಟ್ಟುವವರ ಕೈಯಲ್ಲಿ. ಊರಿನ ಎರಡು ಭಾಗಗಳ ನಡುವೆ ಅಂಡರ್‌ಪಾಸ್ ಇದ್ದರೆ, ಸರ್ವಿಸ್ ರಸ್ತೆ ಊರ ಬಾಗಿಲಲ್ಲೇ ಮುಗಿಯದೆ ಮುಂದಿನ ತಿರುವಿನವರೆಗೆ ಸಾಗಿದರೆ, ಡಾಬಾ ಮತ್ತು ಬಂಕುಗಳಿಗೆ ಅನುಮತಿ ಇದ್ದಲ್ಲಿ ಮಾತ್ರ ದಾರಿ ಬಿಟ್ಟರೆ, ತಪ್ಪು ದಿಕ್ಕಿಗೆ ಹೋಗುವ ಕಾರಣಗಳಲ್ಲಿ ಹೆಚ್ಚಿನವು ಉದುರಿಹೋಗುತ್ತವೆ. ಕಾನೂನಿಗೆ ಇದು ಗೊತ್ತಿಲ್ಲವೆಂದಲ್ಲ. ಅನುಮತಿಯಿಲ್ಲದೆ ಹೆದ್ದಾರಿಗೆ ದಾರಿ ಮಾಡಿಕೊಳ್ಳುವುದನ್ನು ತಡೆಯಲು 2002ರಲ್ಲೇ ರಾಷ್ಟ್ರೀಯ ಹೆದ್ದಾರಿಗಳ ಭೂಮಿ ಮತ್ತು ಸಂಚಾರ ನಿಯಂತ್ರಣ ಕಾಯ್ದೆ ಬಂದಿದೆ. 2019ರ ತಿದ್ದುಪಡಿಯು 198ಎ ಎಂಬ ಸೆಕ್ಷನ್ ಸೇರಿಸಿ, ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರನ್ನೂ ದಂಡಕ್ಕೆ ಒಳಪಡಿಸಿತು.

ಆ ದಂಡದ ಗರಿಷ್ಠ ಮಿತಿ ಒಂದು ಲಕ್ಷ ರೂಪಾಯಿ. ಬೆಂಗಳೂರು–ಮೈಸೂರು ರಸ್ತೆಗೆ ತಗುಲಿದ ವೆಚ್ಚ ಸುಮಾರು 8,480 ಕೋಟಿ. ನಾಲ್ಕು ಕಿಲೋಮೀಟರ್ ಬಳಸಲು ಸೋಮಾರಿತನ ತೋರಿದ ಬೈಕ್ ಸವಾರನಿಗೆ ವರ್ಷದವರೆಗೂ ಜೈಲು. ಅವನ ಊರಿಗೆ ಅಂಡರ್‌ಪಾಸ್ ಬಿಟ್ಟುಹೋದ ವಿನ್ಯಾಸಕ್ಕೆ ಒಂದು ಲಕ್ಷ, ಅದೂ ಯಾರಾದರೂ ಸತ್ತ ಮೇಲೆ. ಮುಂದಿನ ತಿದ್ದುಪಡಿ ಎಂದಾದರೂ ಬಂದರೆ ಮೊದಲು ಕೈ ಹಾಕಬೇಕಾದ್ದು ಇಲ್ಲಿಗೆ. ಕನೆಕ್ಟಿಕಟ್ ತನ್ನ ಇಲಾಖೆಗೆ ಮಾಡಿದಂತೆ, ಎಷ್ಟು ಕಡೆ ಏನೇನು ಕಟ್ಟಬೇಕು ಎಂಬ ಸಂಖ್ಯೆಯನ್ನು ಶಾಸನದಲ್ಲೇ ಬರೆದು, ಅದನ್ನು ಟೋಲಿನ ಜೊತೆ ಗಂಟು ಹಾಕುವುದು ಇನ್ನೊಂದು ದಾರಿ. ಬೆಂಗಳೂರು–ನಿಡಘಟ್ಟ ಭಾಗದಲ್ಲಿ ಟೋಲ್ ವಸೂಲಿ ಶುರುವಾದದ್ದು ಉದ್ಘಾಟನೆಯಾದ ಎರಡೇ ದಿನಕ್ಕೆ, 2023ರ ಮಾರ್ಚ್ 14ರಂದು. ಸರ್ವಿಸ್ ರಸ್ತೆ ಪೂರ್ತಿಯಾಗದೆ ದುಡ್ಡು ಯಾಕೆ ಕೊಡಬೇಕೆಂದು ಅಂದು ಟೋಲ್ ಗೇಟಿನ ಮುಂದೆ ಪ್ರತಿಭಟನೆ ನಡೆದಿತ್ತು. ಕೆಲಸ ಬಾಕಿ ಇದ್ದಾಗಲೂ ತಾತ್ಕಾಲಿಕ ಪ್ರಮಾಣಪತ್ರದ ಮೇಲೆ ಟೋಲ್ ಶುರು ಮಾಡಲು ಹೆದ್ದಾರಿ ಒಪ್ಪಂದಗಳಲ್ಲಿ ಅವಕಾಶವಿದೆ. ಬಾಕಿ ಕೆಲಸದ ಆ ಪಟ್ಟಿಯಲ್ಲಿ ಸರ್ವಿಸ್ ರಸ್ತೆ, ಅಂಡರ್‌ಪಾಸ್, ಪ್ರವೇಶ ನಿಷೇಧದ ಫಲಕಗಳು ಇರಕೂಡದು ಎಂದು ಒಂದು ಸಾಲು ಸೇರಿಸಲು ಸಂಸತ್ತಿನವರೆಗೂ ಹೋಗಬೇಕಾಗಿಲ್ಲ. ಸಾರಿಗೆ ಸಚಿವಾಲಯದ ಒಂದು ಸುತ್ತೋಲೆಯಿಂದಲೇ ಅದನ್ನು ಶುರು ಮಾಡಬಹುದು.